ಸಂತಾನಹರಣ ಶಸ್ತ್ರಚಿಕಿತ್ಸೆಯ ಮರುದಿನ ಮೊಲ ಮೇವು ಮುಟ್ಟುತ್ತಿಲ್ಲ: ಎಷ್ಟು ಹೊತ್ತು ಕಾಯಬಹುದು?

ಪ್ರಶ್ನೆ (ಕಾರವಾರದಿಂದ)

ನಮ್ಮ ಮನೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಮೊಲಗಳಿವೆ. ಹುಟ್ಟಿದ ಮರಿಗಳನ್ನು ನೆಂಟರಿಷ್ಟರಿಗೆಲ್ಲ ಹಂಚಿ ಸಾಕಾಗಿ, ನಿನ್ನೆ ಬೆಳಿಗ್ಗೆ 11 ಗಂಟೆಗೆ ಗಂಡು ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅದರ ವಯಸ್ಸು ಒಂದು ವರ್ಷ ಎರಡು ತಿಂಗಳು, ತೂಕ 1.9 ಕಿಲೋ. ಕುತ್ತಿಗೆಗೆ, ಗಾಯ ನೆಕ್ಕದಂತೆ ನಾಯಿಗಳಿಗೆ ಹಾಕುವಂಥ ಅಗಲವಾದ ಪ್ಲಾಸ್ಟಿಕ್ ಪಟ್ಟಿಯನ್ನು ಕಟ್ಟಿ, ಒಂದು ಚುಚ್ಚುಮದ್ದು ಕೊಟ್ಟು, ಗಾಯ ಒದ್ದೆಯಾಗದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಕಳುಹಿಸಿದರು. ಮನೆಯಲ್ಲಿ ಕೊಡಲು ಯಾವ ಔಷಧಿಯನ್ನೂ ಬರೆಯಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಎರಡು ಎಸಳು ಕೊತ್ತಂಬರಿ ತಿಂದಿತು. ಮಧ್ಯರಾತ್ರಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ನಾಲ್ಕೈದು ಹಿಕ್ಕೆ ಹಾಕಿತು. ಈಗ ಬೆಳಿಗ್ಗೆ ಎಂಟು ಗಂಟೆ. ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕುಳಿತಿದೆ. ಗಾಯ ಒಣಗಿಯೇ ಇದೆ, ಸ್ವಲ್ಪ ಊದಿದೆ. ಅತ್ತೆಯವರು ಅರಿಸಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚಲು ಹೇಳುತ್ತಿದ್ದಾರೆ. ಹಚ್ಚಬಹುದೇ? ಹೆಣ್ಣಿನ ಜೊತೆ ಯಾವಾಗ ಬಿಡಬಹುದು?

ಉತ್ತರ 1 (ಶಿರಸಿಯಿಂದ)

ನೀವು ಗಾಯವನ್ನು ನೋಡುತ್ತಿದ್ದೀರಿ. ಈಗ ನೋಡಬೇಕಾದದ್ದು ಹೊಟ್ಟೆಯನ್ನು. ಮೊಲದ ಕರುಳು ಸದಾ ಚಲಿಸುತ್ತಲೇ ಇರಬೇಕು. ನೋವು, ಹೆದರಿಕೆ ಮತ್ತು ಅರಿವಳಿಕೆಯ ಪರಿಣಾಮದಿಂದ ಅದು ನಿಧಾನವಾಗುತ್ತದೆ, ನಿಧಾನವಾದಾಗ ಹಸಿವು ಸಾಯುತ್ತದೆ, ತಿನ್ನದಿದ್ದಾಗ ಕರುಳು ಇನ್ನಷ್ಟು ನಿಲ್ಲುತ್ತದೆ. ಹತ್ತು ಹನ್ನೆರಡು ಗಂಟೆ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಅದನ್ನು ತುರ್ತುಸ್ಥಿತಿ ಎಂದೇ ತಿಳಿಯಬೇಕು. ನಿಮ್ಮ ಮೊಲ ಆ ಗಡಿಯ ಹತ್ತಿರ ಬಂದಿರುವುದರಿಂದ ಸಂಜೆಯವರೆಗೆ ಕಾಯಬೇಡಿ, ಈಗಲೇ ವೈದ್ಯರಿಗೆ ಫೋನ್ ಮಾಡಿ.

ಫೋನಿನಲ್ಲಿ ಮೊದಲು ಕೇಳಬೇಕಾದದ್ದು ನೋವಿನ ಔಷಧಿಯ ವಿಷಯ. ಬೆನ್ನು ಗೂನು ಮಾಡಿ ಕಣ್ಣು ಅರ್ಧ ಮುಚ್ಚಿ ಕೂರುವುದು, ಹಲ್ಲನ್ನು ಗಟ್ಟಿಯಾಗಿ ಕಡಿಯುವುದು, ಇವು ಮೊಲ ನೋವನ್ನು ಹೇಳಿಕೊಳ್ಳುವ ರೀತಿ. ನಾಯಿ ಬೆಕ್ಕುಗಳಂತೆ ಅದು ಅಳುವುದಿಲ್ಲ. ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್ ದ್ರವವನ್ನು ಕೆಲವು ದಿನ ಬಾಯಿಗೆ ಕೊಡಲು ಬರೆಯುತ್ತಾರೆ. ಮೊಲದ ಶರೀರ ಈ ಔಷಧಿಯನ್ನು ಬೇಗ ಕರಗಿಸಿಬಿಡುವುದರಿಂದ ನಾಯಿಯ ಲೆಕ್ಕದ ಪ್ರಮಾಣ ಅದಕ್ಕೆ ಸಾಲದು, ಆದ್ದರಿಂದ ಪ್ರಮಾಣವನ್ನು ವೈದ್ಯರೇ ತೂಕ ನೋಡಿ ಹೇಳಲಿ. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಯೋಚನೆ ಬೇಡ. ಇನ್ನೊಂದು ಮಾತು: ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಆಂಟಿಬಯಾಟಿಕ್‌ಗಳನ್ನು ಮೊಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಪ್ರಾಣಕ್ಕೇ ಕುತ್ತಾಗಬಹುದು. ದನಕರುಗಳನ್ನೇ ಹೆಚ್ಚಾಗಿ ನೋಡುವ ವೈದ್ಯರ ಬಳಿ ಹೋದರೆ ಇದನ್ನು ವಿನಯದಿಂದಲೇ ನೆನಪಿಸುವುದರಲ್ಲಿ ತಪ್ಪಿಲ್ಲ.

ಕುತ್ತಿಗೆಯ ಪಟ್ಟಿಯನ್ನು ಬಿಚ್ಚಬಹುದೇ ಎಂದೂ ಕೇಳಿ. ಮೊಲ ರಾತ್ರಿ ಮತ್ತು ನಸುಕಿನಲ್ಲಿ ಹಾಕುವ ಮೆತ್ತನೆಯ, ಹೊಳೆಯುವ ಗೊಂಚಲು ಹಿಕ್ಕೆಯನ್ನು ಗುದದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಅಸಹ್ಯವೆನಿಸಿದರೂ ಅದೇ ಅದರ ಪೌಷ್ಟಿಕಾಂಶ. ಪಟ್ಟಿಯಿದ್ದರೆ ಅದು ಸಾಧ್ಯವಾಗದು, ಗಾಬರಿಯೂ ಹೆಚ್ಚು. ಹೊಲಿಗೆಯನ್ನು ನಿಜವಾಗಿಯೂ ಕಚ್ಚುತ್ತಿದ್ದರೆ ಮಾತ್ರ ಪಟ್ಟಿ ಬೇಕಾಗುತ್ತದೆ.

ಅರಿಸಿನ, ಎಣ್ಣೆ ಯಾವುದೂ ಬೇಡ. ಹಚ್ಚಿದ್ದನ್ನು ನೆಕ್ಕಲು ಹೋಗಿ ಹೊಲಿಗೆಯನ್ನೂ ಕೀಳುತ್ತದೆ. ಅತ್ತೆಯವರಿಗೆ ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಿ.

ಉತ್ತರ 2 (ಕುಮಟಾದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಮೇವಿನ ಬಗ್ಗೆ ಮಾತ್ರ ಸ್ವಲ್ಪ ಸೇರಿಸುತ್ತೇನೆ. ಮೊದಲು ಆಸೆ ಹುಟ್ಟಿಸಿ ನೋಡಿ: ಎಳೆಯ ಗರಿಕೆ, ಕೊತ್ತಂಬರಿ, ಪುದೀನ, ಇವನ್ನು ತೊಳೆದು ನೀರು ಪೂರ್ತಿ ಕೊಡವದೆ ಮೂಗಿನ ಹತ್ತಿರ ಹಿಡಿದರೆ ಎಲೆಯ ಜೊತೆ ನೀರೂ ಹೊಟ್ಟೆಗೆ ಹೋಗುತ್ತದೆ. ಬಾಟಲಿಗಿಂತ ಅಗಲವಾದ ಬಟ್ಟಲಿನಲ್ಲಿ ಇಟ್ಟ ನೀರನ್ನು ಅದು ಸುಲಭವಾಗಿ ಕುಡಿಯುತ್ತದೆ. ಒಣಹುಲ್ಲಿಗೆ ನಾನು ಘಟ್ಟದ ಮೇಲಿನ ಬೇಣದ (ಹುಲ್ಲುಗಾವಲಿನ) ಕರಡವನ್ನೇ ತರಿಸುತ್ತೇನೆ, ಆದರೆ ಈ ಮಳೆಯಲ್ಲಿ ಅದು ತಂಪು ಹಿಡಿದು ಬೂಸುಗಟ್ಟುವುದು ಬಹಳ ಬೇಗ. ಮುಗ್ಗಲು ವಾಸನೆ ಬಂದರೆ ಕೊಡದೆ ಎಸೆಯಿರಿ. ಹಿತ್ತಲಲ್ಲಿ ಸಿಗುತ್ತದೆಂದು ಕೆಸುವಿನ ಎಲೆ ಕೊಡಬೇಡಿ, ಅದು ಬಾಯಿಯನ್ನೆಲ್ಲ ತುರಿಸುತ್ತದೆ. ಪ್ರೀತಿಯಿಂದ ಬಾಳೆಹಣ್ಣು, ಅನ್ನ ಕೊಡುವುದೂ ಈ ಹೊತ್ತಿನಲ್ಲಿ ಉಪಕಾರವಲ್ಲ.

ತಾನಾಗಿ ತಿನ್ನದಿದ್ದರೆ ಸಿರಿಂಜಿನಿಂದ ಉಣಿಸಬೇಕಾಗುತ್ತದೆ. ಆದರೆ ಹೊಟ್ಟೆ ಡೋಲಿನಂತೆ ಬಿಗಿದು ಉಬ್ಬಿದ್ದರೆ ಒಂದು ತೊಟ್ಟೂ ಹಾಕದೆ ನೇರ ವೈದ್ಯರ ಬಳಿ ಹೋಗಿ. ಉಬ್ಬಿಲ್ಲವಾದರೆ, ವೈದ್ಯರು ಒಪ್ಪಿದ ಮೇಲೆ, ಮೊಲದ ಪೆಲೆಟ್ಟನ್ನು (ಮೊಲಕ್ಕೆಂದೇ ಮಾಡಿದ ಗುಳಿಗೆ ಮೇವು) ಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಳು ಗಂಜಿಯಂತೆ ಮಾಡಿ, ಮುಂದಿನ ಹಲ್ಲುಗಳ ಹಿಂದೆ, ಕೆನ್ನೆಯ ಪಕ್ಕದಿಂದ ಒಂದೊಂದು ಮಿಲಿಲೀಟರಿನಂತೆ ಬಿಡಿ. ನುಂಗಿದ್ದನ್ನು ನೋಡಿದ ಮೇಲೆಯೇ ಮುಂದಿನದು. ಕಿಲೋ ತೂಕಕ್ಕೆ ದಿನವೊಂದಕ್ಕೆ ಸುಮಾರು 50 ಮಿಲಿಲೀಟರ್ ಎಂಬ ಲೆಕ್ಕದಲ್ಲಿ ನಾಲ್ಕೈದು ಸಲಕ್ಕೆ ಹಂಚಬಹುದು. ಅಂಗಾತ ಮಲಗಿಸಿ ಕೊಟ್ಟರೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ.

ಮಳೆಗಾಲದ ಇನ್ನೊಂದು ಕಾಟ ನೊಣ. ಒದ್ದೆಯಾದ, ಹಿಕ್ಕೆ ಅಂಟಿದ ಬಾಲದ ಬುಡದಲ್ಲಿ ಅಥವಾ ಗಾಯದಲ್ಲಿ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಏಳುತ್ತದೆ. ಮರದ ಹೊಟ್ಟು ತೆಗೆದು ಹಳೆಯ ಹತ್ತಿಬಟ್ಟೆ ಹಾಸಿ, ದಿನಕ್ಕೆ ಎರಡು ಬಾರಿ ಬದಲಿಸಿ, ಅದೇ ಹೊತ್ತಿಗೆ ಬಾಲವನ್ನೆತ್ತಿ ನೋಡಿ.

ಉತ್ತರ 3 (ಶಿರಸಿಯಿಂದ, ಮೊದಲಿನವರೇ)

ಹೆಣ್ಣಿನ ಪ್ರಶ್ನೆಗೆ ಉತ್ತರಿಸುವುದನ್ನು ಮರೆತಿದ್ದೆ. ವೃಷಣ ತೆಗೆದ ಮಾತ್ರಕ್ಕೆ ಗಂಡು ಅಂದೇ ಬಂಜೆಯಾಗುವುದಿಲ್ಲ. ನಾಳಗಳಲ್ಲಿ ಉಳಿದ ವೀರ್ಯದಿಂದ ಇನ್ನೂ ನಾಲ್ಕರಿಂದ ಆರು ವಾರಗಳವರೆಗೆ ಗರ್ಭ ನಿಲ್ಲಬಹುದು. ನಾನಂತೂ ಆರು ವಾರವನ್ನೇ ಹಿಡಿಯುತ್ತೇನೆ, ಏಕೆಂದರೆ ಹೆಣ್ಣಿಗೆ ಮತ್ತೆ ಮರಿಯಾಗಲು ಬೇಕಾಗುವುದು ಸುಮಾರು 31 ದಿನ ಮಾತ್ರ. ಅಷ್ಟು ದಿನ ಪೂರ್ತಿ ಬೇರೆ ಕೋಣೆಗೆ ಹಾಕಿದರೆ ಒಂದನ್ನೊಂದು ಮರೆತು ಆಮೇಲೆ ಕಾದಾಡುತ್ತವೆ. ನಡುವೆ ತಂತಿಬಲೆ ಇಟ್ಟು, ಮೂಗು ತಾಗದಷ್ಟು ಆದರೆ ವಾಸನೆ ಸಿಗುವಷ್ಟು ದೂರದಲ್ಲಿ ಇರಿಸಿ. ಮುಂದೆ ಹೆಣ್ಣಿಗೂ ಮಾಡಿಸುವ ಯೋಚನೆಯಿರಲಿ: ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಅದು ಹೊಟ್ಟೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯಾದ್ದರಿಂದ ಚೇತರಿಕೆ ಇನ್ನಷ್ಟು ನಿಧಾನ. ಆಗ ಯಾರಾದರೂ ಹಿಂದಿನ ರಾತ್ರಿಯಿಂದ ಉಪವಾಸವಿಡಲು ಹೇಳಿದರೆ ಒಪ್ಪಬೇಡಿ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹೊಟ್ಟೆ ಖಾಲಿಯಾದಷ್ಟೂ ಅದಕ್ಕೆ ಕೇಡು.

ಪ್ರಶ್ನೆ ಕೇಳಿದವರಿಂದ (ರಾತ್ರಿ 9.30)

ಬೆಳಿಗ್ಗೆಯೇ ಬೇರೊಬ್ಬ ವೈದ್ಯರಿಗೆ ತೋರಿಸಿದೆವು. ಹೊಟ್ಟೆ ಉಬ್ಬಿಲ್ಲ, ಕರುಳಿನ ಸದ್ದು ಕಡಿಮೆಯಿದೆ ಎಂದು ಹೇಳಿ, ನೋವಿನ ಔಷಧಿ ಕೊಟ್ಟು, ಚರ್ಮದಡಿ ದ್ರವ ಹಾಕಿ, ಕುತ್ತಿಗೆಯ ಪಟ್ಟಿಯನ್ನು ತೆಗೆಸಿದರು. ಊತ ಎರಡು ಮೂರು ದಿನ ಇರುವುದು ಸಹಜ, ಆದರೆ ಹೆಚ್ಚುತ್ತಾ ಹೋದರೆ ಅಥವಾ ತೊಡೆಯ ಸಂದಿಯಲ್ಲಿ ಮೆತ್ತನೆಯ ಗಂಟು ಕಂಡರೆ ಕೂಡಲೇ ತರಬೇಕು, ಮೊಲಗಳಲ್ಲಿ ಅಲ್ಲಿನ ದಾರಿ ತೆರೆದೇ ಇರುವುದರಿಂದ ಕರುಳು ಇಳಿಯುವ ಸಾಧ್ಯತೆಯಿದೆ ಎಂದರು. ಮಧ್ಯಾಹ್ನ ಸಿರಿಂಜಿನಿಂದ 20 ಮಿಲಿಲೀಟರ್ ಗಂಜಿ ಹೋಯಿತು, ಅರ್ಧ ನನ್ನ ಸೀರೆಯ ಮೇಲೂ ಬಿತ್ತು. ಸಂಜೆ ಆರಕ್ಕೆ ಗರಿಕೆಯನ್ನು ತಾನಾಗಿಯೇ ಎಳೆದುಕೊಂಡು ತಿಂದಿತು. ಆಗಿನಿಂದ ಈವರೆಗೆ 23 ಹಿಕ್ಕೆ; ಎಣಿಸಿದವರು ಅತ್ತೆಯವರು.