ಸಹಾಯ ಬೇಕು: ಗೂಟ ಚುಚ್ಚಿದರೆ ಬೆಳಗುವ 4×3 ಅಡಿ ಬೋರ್ಡ್

ನಮಸ್ಕಾರ. ಕಾರವಾರದಲ್ಲಿ, ಐದು ವರ್ಷದ ಮಗುವಿಗೆ, ನಿಲ್ಲಿಸಿ ಆಡುವ ಬೋರ್ಡ್ ಮಾಡುತ್ತಿದ್ದೇನೆ: ಹಿಂದೆ ಎಲ್‌ಇಡಿ ಬೆಳಕು, ತೂತಿಗೆ ಚುಚ್ಚಿದ ಬಣ್ಣದ ಗೂಟ ಮಾತ್ರ ಹೊಳೆಯಬೇಕು. 12 ಮಿ.ಮೀ. ಮರೈನ್ ಪ್ಲೈವುಡ್, 50 ಮಿ.ಮೀ. ಅಂತರದಲ್ಲಿ 22×16, ಅಂದರೆ 352 ತೂತು. ಗೂಟಕ್ಕೆ 16 ಮಿ.ಮೀ. ಬಣ್ಣದ ಅಕ್ರಿಲಿಕ್ ರಾಡ್, 80 ಮಿ.ಮೀ. ತುಂಡುಗಳು. ಇದಕ್ಕಿಂತ ಗಿಡ್ಡ ಮಾಡುವುದಿಲ್ಲ, ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದೆ, ನುಂಗೀತು.

ತೊಡಕು ತೂತಿನದು. ಸರಿಯಾಗಿ 16 ಕೊರೆದರೆ ಮಳೆಗಾಲದ ತೇವಕ್ಕೆ ಪ್ಲೈ ಉಬ್ಬಿ ಗೂಟ ಸಿಕ್ಕಿಕೊಳ್ಳುತ್ತದೆ. 17 ಕೊರೆದರೆ ಬೋರ್ಡ್ ನಿಲ್ಲಿಸಿದಾಗ ಗೂಟ ಜೋತು ಬೀಳುತ್ತದೆ. 17 ಇಟ್ಟು, ಹಿಂದೆ ಕಪ್ಪು ಫೋಮ್ ಶೀಟ್ ಅಂಟಿಸಿ, ಪ್ರತಿ ತೂತಿಗೂ ಕತ್ತರಿ ಗುರುತಿನ ಹಾಗೆ ಸೀಳುವ ಯೋಚನೆ. ಗೂಟವನ್ನೂ ಹಿಡಿಯುತ್ತದೆ, ಖಾಲಿ ತೂತಿನ ಬೆಳಕನ್ನೂ ತಡೆಯುತ್ತದೆ. ಆದರೆ 2 ಮಿ.ಮೀ. ಫೋಮ್ ಬೇಗ ಹರಿಯುತ್ತದೆ, 5 ಮಿ.ಮೀ.ಗೆ ಮಗುವಿನ ಕೈಬಲ ಸಾಲದು. 3 ಮಿ.ಮೀ. ಬಳಸಿದವರು ಇದ್ದೀರಾ? ಅಥವಾ ಹಳೇ ಸೈಕಲ್ ಟ್ಯೂಬಿನ ರಬ್ಬರ್?

ಬೆಳಕಿಗೆ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ 5 ಮೀಟರ್, ಮೀಟರಿಗೆ 14.4 ವ್ಯಾಟ್. ಒಟ್ಟು 72 ವ್ಯಾಟ್, 6 ಆಂಪಿಯರ್. ಹಾಗಾಗಿ 10 ಆಂಪಿಯರ್ ಸಪ್ಲೈ. ಒಂದೇ ತುದಿಯಿಂದ ಕರೆಂಟ್ ಕೊಟ್ಟರೆ ಇನ್ನೊಂದು ತುದಿ ಮಂಕಾಗುವುದರಿಂದ ಎರಡೂ ಕಡೆ ವೈರ್. ಸಮುದ್ರದ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ, ಆದ್ದರಿಂದ ಸಿಲಿಕೋನ್ ಹೊದಿಕೆಯ ಸ್ಟ್ರಿಪ್ಪೇ ಬೇಕು. ಬೆಸುಗೆ ಹಾಕಿದ ಜಾಗಕ್ಕೆ ಏನು ಹಚ್ಚುತ್ತೀರಿ?

ಗೂಟದ ತುದಿಗಳನ್ನು 400 ನಂಬರ್ ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ತುದಿ ಪೂರ್ತಿ ಹೊಳೆಯುತ್ತದೆ, ಇಲ್ಲವಾದರೆ ಒಳಗಿನ ಎಲ್‌ಇಡಿ ಚುಕ್ಕೆಯೇ ಕಾಣುತ್ತದೆ. ಅಷ್ಟು ಸಾಕೋ, ಸ್ಟ್ರಿಪ್ಪಿನ ಮುಂದೆ ಹಾಲುಬಿಳಿ ಶೀಟೂ ಬೇಕೋ?

ಕೊನೆಯದಾಗಿ, ಶಿರಸಿ ಅಥವಾ ಹುಬ್ಬಳ್ಳಿಯಲ್ಲಿ ಬಣ್ಣದ ರಾಡ್ ಅಳತೆಗೆ ಕತ್ತರಿಸಿ ಕೊಡುವವರಿದ್ದರೆ ತಿಳಿಸಿ. ಸದ್ಯಕ್ಕೆ 150 ತುಂಡು ಸಾಕು.