ಅಪ್ಪನ ಜೊತೆ ‘ಕ್ಷತ್ರಿಯ’ ನೋಡಿದೆ, ಒಂದೆರಡು ಕೇಳಬೇಕಿತ್ತು

ಮಾಯಕೊಂಡದವನು:
ಹೋದ ಭಾನುವಾರ ಹೊಲದ ಕೆಲಸ ಇರಲಿಲ್ಲ, ಕರೆಂಟೂ ಇತ್ತು. ಅಪ್ಪನಿಗೆ ಟಿವಿಯಲ್ಲಿ 1993ರ ಹಿಂದಿ ಪಿಕ್ಚರ್ ‘ಕ್ಷತ್ರಿಯ’ ಹಾಕಿಕೊಟ್ಟೆ. ಅಪ್ಪ ದಾವಣಗೆರೆಯಲ್ಲಿ ಮಿಲ್ಲಿನ ಕೆಲಸಕ್ಕಿದ್ದಾಗ ಧರ್ಮೇಂದ್ರನ ಒಂದು ಪಿಕ್ಚರನ್ನೂ ಬಿಟ್ಟವರಲ್ಲ. ಇದೊಂದು ಮಾತ್ರ ತಪ್ಪಿಹೋಗಿತ್ತಂತೆ. ಸಂಬಳ ಆದ ಮೇಲೆ ಹೋದರೆ ಟಾಕೀಸಿನ ಮುಂದೆ ಬೇರೆ ಪೋಸ್ಟರ್ ಅಂಟಿಸಿದ್ದರಂತೆ.

ಕಥೆ ಗೊತ್ತಿಲ್ಲದವರಿಗೆ: ಮಿರ್ತಾಗಢ, ಸುರ್ಜನ್‌ಗಢ ಅಂತ ಎರಡು ರಾಜಮನೆತನ, ತಲೆಮಾರಿನ ಹಗೆ. ಎರಡೂ ಮನೆಯ ಮಕ್ಕಳು ಪ್ರೀತಿಸುತ್ತಾರೆ, ಹಿರಿಯರು ಕತ್ತಿ ಕೆಳಗಿಡಲ್ಲ. ಸುನಿಲ್ ದತ್–ಸಂಜಯ್ ದತ್, ಧರ್ಮೇಂದ್ರ–ಸನ್ನಿ ದೇವಲ್, ನಿಜವಾದ ಎರಡು ಅಪ್ಪ-ಮಕ್ಕಳ ಜೋಡಿ ಒಂದೇ ಚಿತ್ರದಲ್ಲಿದೆ. ಹೊಡೆದಾಟ ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದಿಟ್ಟದ್ದು ಆ ಮುದುಕರ ಮುಖ. ತಪ್ಪು ಗೊತ್ತಾಗಿದೆ, ಹಿಂದಕ್ಕೆ ಬರಲು ಕಾಲು ಬರ್ತಿಲ್ಲ.

ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ, ಎರಡು ಮೆಣಸಿನಕಾಯಿ ಬಜ್ಜಿ ಇಟ್ಟು ಕೊಟ್ಟಿದ್ದಳು. ಅಪ್ಪ ಒಂದು ಹಿಡಿ ಮಂಡಕ್ಕಿ ಕೈಗೆ ತಗೊಂಡವರು ಬಾಯಿಗೆ ಹಾಕಲೇ ಇಲ್ಲ. ಮುಷ್ಟಿ ಬಿಗಿ ಮಾಡೋದು, ಸಡಿಲ ಬಿಡೋದು. ಮುಗಿದಾಗ ಅಂಗೈಯಲ್ಲಿ ಮಂಡಕ್ಕಿ ಹಸಿ ಹಿಟ್ಟಿನ ಹಾಗೆ ಆಗಿತ್ತು. ಏನೂ ಹೇಳದೆ ಎದ್ದುಹೋಗಿ ಕೈ ತೊಳೆದರು.

ಯಾಕೆ ಅಂತ ನನಗೆ ಗೊತ್ತು. ನಮ್ಮ ಹೊಲಕ್ಕೂ ದೊಡ್ಡಪ್ಪನ ಹೊಲಕ್ಕೂ ನಡುವೆ ಬದುವಿನ ಮೇಲೆ ಒಂದು ಬೇವಿನ ಮರ ಇತ್ತು. ಅದು ಯಾರದು ಅನ್ನೋ ಜಗಳಕ್ಕೆ ಹದಿನೇಳು ವರ್ಷದಿಂದ ಮಾತಿಲ್ಲ, ಮದುವೆ ಕಾರ್ಡೂ ಇಲ್ಲ. ಮರ ಗಾಳಿಗೆ ಬಿದ್ದೇ ಆರು ವರ್ಷ ಆಯ್ತು.

ಕೇಳಬೇಕಿದ್ದದ್ದು: 1993ರಲ್ಲಿ ಎಲ್ಲಿಯ ರಾಜರು, ಈ ಊರುಗಳು ನಿಜವಾ? ಆ ಪಿಕ್ಚರ್ ಬಂದಾಗ ಏನಾಗಿತ್ತು? ಅಪ್ಪನಿಗೆ ಇನ್ನೊಂದು ತೋರಿಸಬೇಕು ಅಂದರೆ ಯಾವುದು?

ದುರ್ಗದ ಮೇಷ್ಟ್ರು:
ಮಿರ್ತಾಗಢ ಕಲ್ಪನೆಯದು ತಮ್ಮಾ. ಹೆಸರು ಕೇಳಿದರೆ ಮೀರಾಬಾಯಿಯ ತವರು ಮೇಡ್ತಾ ನೆನಪಾಗುತ್ತೆ, ಅದು ರಾಜಸ್ಥಾನದಲ್ಲಿ ನಿಜವಾಗಿಯೂ ಇದೆ. ರಾಜರ ಬಿರುದು, ರಾಜಧನ ಎರಡೂ 1971ರ ಸಂವಿಧಾನದ 26ನೇ ತಿದ್ದುಪಡಿಗೇ ಹೋದವು. ಬಿರುದು ಕಾಗದದಿಂದ ಹೋದರೂ ಜನರ ಬಾಯಿಂದ ಹೋಗಲ್ಲ, ಸಿನಿಮಾ ಹಿಡಿದಿರೋದು ಅದನ್ನೇ.

ಆದರೆ ನೀನು ಮಾಯಕೊಂಡದವನಾಗಿ ಇದನ್ನು ರಾಜಸ್ಥಾನದಲ್ಲಿ ಹುಡುಕ್ತೀಯಲ್ಲ! 1748ರಲ್ಲಿ ನಿಮ್ಮೂರ ಬಯಲಲ್ಲೇ ದುರ್ಗದ ಹಿರೇ ಮದಕರಿ ನಾಯಕ ಕಾದಾಡಿ ಬಿದ್ದದ್ದು. ಎದುರಿಗೆ ಬಿದನೂರು, ಹರಪನಹಳ್ಳಿ, ರಾಯದುರ್ಗ, ಎಲ್ಲಾ ಸುತ್ತಮುತ್ತಲಿನವರೇ. ಮೂವತ್ತೊಂದು ವರ್ಷಕ್ಕೆ, 1779ರಲ್ಲಿ, ಹೈದರಾಲಿ ಕೋಟೆ ಹಿಡಿದ. ಅಕ್ಕಪಕ್ಕದವರು ಕಚ್ಚಾಡಿ ಸೋತು ಕೂತಿದ್ದಕ್ಕೆ ಅವನ ದಾರಿ ಸಲೀಸಾಯ್ತು ಅಂತ ನಾನು ಮಕ್ಕಳಿಗೆ ಪಾಠ ಮಾಡುವಾಗಲೆಲ್ಲ ಹೇಳ್ತಿದ್ದೆ, ಈಗಲೂ ಹಾಗೇ ಅನ್ನಿಸುತ್ತೆ. ಅಪ್ಪನನ್ನು ಒಂದಿನ ಕೋಟೆಗೆ ಕರ್ಕೊಂಡು ಬಾ. ಬಿಸಿಲೇರೋ ಮೊದಲು ಬರ್ರಿ.

ಹಳೇ ರೀಲು:
ನಮ್ಮ ತಂದೆ ಟಾಕೀಸಲ್ಲಿ ಆಪರೇಟರ್ ಆಗಿದ್ದರು, ಅದಕ್ಕೇ ಆ ವರ್ಷ ಚೆನ್ನಾಗಿ ನೆನಪಿದೆ. ‘ಕ್ಷತ್ರಿಯ’ ತೆರೆಗೆ ಬಂದದ್ದು ಮಾರ್ಚ್ 26. ಏಪ್ರಿಲ್ 5ಕ್ಕೆ ಅದೇ ಚಿತ್ರದ ದಿವ್ಯಾ ಭಾರತಿ ತೀರಿಕೊಂಡಳು, ಬರೀ ಹತ್ತೊಂಬತ್ತು ವರ್ಷ. ಏಪ್ರಿಲ್ 19ಕ್ಕೆ ಸಂಜಯ್ ದತ್ ಬಂಧನ. ಒಂದು ತಿಂಗಳೊಳಗೆ ಇಷ್ಟು. ಆ ಹುಡುಗಿ ನಗುವ ದೃಶ್ಯ ಬಂದರೆ ನನಗೆ ಈಗಲೂ ನೋಡೋಕಾಗಲ್ಲ.

‘ಕ್ಷತ್ರಿಯ’ ನಿರ್ದೇಶಿಸಿದ ಜೆ.ಪಿ. ದತ್ತಾನೇ 1989ರಲ್ಲಿ ‘ಬಟ್ವಾರಾ’ ಮಾಡಿದ್ದಾರೆ, ಧರ್ಮೇಂದ್ರ, ವಿನೋದ್ ಖನ್ನಾ ಇದ್ದಾರೆ. ಆದರೆ ಅಲ್ಲೂ ರಕ್ತವೇ. ನಿಮ್ಮ ಅಪ್ಪಾಜಿಗೆ ನಾನಾದರೆ 2003ರ ‘ಮುನ್ನಾಭಾಯಿ ಎಂಬಿಬಿಎಸ್’ ತೋರಿಸ್ತೀನಿ. ಸುನಿಲ್ ದತ್, ಸಂಜಯ್ ಅಪ್ಪ-ಮಗನಾಗಿಯೇ ಮಾಡಿದ್ದಾರೆ. ಕೊನೆಗೆ ಅಪ್ಪ ಮಗನನ್ನು ತಬ್ಬಿಕೊಳ್ಳೋದು ಇದೆಯಲ್ಲ, ಅದನ್ನು ನೋಡಲಿ.

ಹರಿಹರದ ಅಕ್ಕ:
ಸಿನಿಮಾ ಇರಲಿ ತಮ್ಮಾ. ನಿಮ್ಮ ದೊಡ್ಡಪ್ಪನಿಗೂ ಧರ್ಮೇಂದ್ರ ಅಂದರೆ ಇಷ್ಟವಾ?

ಮಾಯಕೊಂಡದವನು:
ಅಕ್ಕಾ, ನೀವು ಕೇಳಿದ್ದನ್ನೇ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಕೇಳಿದೆ. ರೊಟ್ಟಿ ಮುರಿಯುತ್ತಿದ್ದವರು ನಿಲ್ಲಿಸಿದರು. “ಅವನೇ ಅಲ್ಲೇನು ನನಗೆ ಪಿಕ್ಚರ್ ಹುಚ್ಚು ಹಿಡಿಸಿದ್ದು. ಒಂದೇ ಸೈಕಲ್ಲು, ಹಿಂದೆ ನಾನು. ಇದಕ್ಕೂ ಸಂಬಳ ಆಗ್ಲಿ, ಇಬ್ರೂ ಹೋಗನ ಅಂದಿದ್ದ” ಅಂದರು. ಆಮೇಲೆ ತುಂಬಾ ಹೊತ್ತು ಬಿಟ್ಟು, “ಅವನು ನೋಡ್ಯಾನೋ ಇಲ್ಲೋ” ಅಂದರು.

ದೊಡ್ಡಪ್ಪನ ಮಗ, ನಾನು ಒಂದೇ ಬಸ್ಸಿಗೆ ಓಡಾಡ್ತೀವಿ, ನಮ್ಮಿಬ್ಬರಲ್ಲಿ ಮಾತಿದೆ. ಇವತ್ತು ಬೆಳಿಗ್ಗೆ ಅವನಿಗೆ ಎಲ್ಲಾ ಹೇಳಿದೆ. ಗುರುವಾರ ಅಮಾವಾಸ್ಯೆ, ಏರು ಹೂಡಲ್ಲ, ಅಪ್ಪ ಮನೇಲೇ ಇರ್ತಾರೆ, ಬರ್ರಿ ಅಂದಿದ್ದಾನೆ.