ಜನರಲ್ ತಿಮ್ಮಯ್ಯ ಅಂದ್ರೆ ಬರೀ ರಾಜೀನಾಮೆ ಕಥೆನಾ?

ಪ್ರಶ್ನೆ (ಹಾಸನದಿಂದ):
ಹೋದ ವಾರ ಮಕ್ಕಳನ್ನು ಕರೆದುಕೊಂಡು ಅರಕಲಗೂಡು ಮೇಲೆ ಮಡಿಕೇರಿಗೆ ಹೋಗಿದ್ದೆ. ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ ಆಗಿದೆಯಲ್ಲ, ಅದನ್ನು ನೋಡಿದೆವು. ಒಂಬತ್ತನೇ ಕ್ಲಾಸಿನ ಮಗಳಿಗೆ ಎಷ್ಟು ಹಿಡಿಸಿತು ಅಂದರೆ ಶಾಲೆಯಲ್ಲಿ ಅವರ ಬಗ್ಗೆಯೇ ಐದು ನಿಮಿಷ ಮಾತಾಡ್ತೀನಿ ಅಂತ ಹಟ ಹಿಡಿದಳು. ರಾತ್ರಿ ಊಟಕ್ಕೆ ಕೂತಾಗ ನಮ್ಮ ಭಾವ, "ರಾಜೀನಾಮೆ ಕೊಟ್ಟು ವಾಪಸ್ ತಗೊಂಡವರು ತಾನೇ?" ಅಂದುಬಿಟ್ಟರು. ಅವಳ ಮುಖ ಸಪ್ಪಗಾಯಿತು. ತಿಳಿದವರು ಹೇಳಿ, ಅವಳು ಯಾವುದನ್ನು ಮುಂದಿಟ್ಟು ಮಾತಾಡಬೇಕು?

ಉತ್ತರ 1 (ಚಿಕ್ಕಮಗಳೂರು):
ಜೋಜಿಲಾ. ಬೇರೆ ಯೋಚನೆಯೇ ಬೇಡ.
ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿಲಾ ಕಣಿವೆ ದಾರಿ ಸುಮಾರು 3500 ಮೀಟರ್. ಪಾಕಿಸ್ತಾನದ ಜೊತೆ ಕಾಶ್ಮೀರಕ್ಕಾಗಿ ಯುದ್ಧ ನಡೆಯುತ್ತಿದ್ದ 1948ರ ಸೆಪ್ಟೆಂಬರ್‌ನಲ್ಲಿ ನಮ್ಮವರು ಅಲ್ಲಿ ದಾಳಿ ಮಾಡಿ ದಾಟಲಾಗದೆ ಹಿಂದೆ ಬಂದಿದ್ದರು. ಲೇಹ್‌ಗೆ ಹೋಗುವ ದಾರಿಯೇ ಮುಚ್ಚಿತ್ತು, ಚಳಿಗಾಲ ಬೇರೆ ಹತ್ತಿರ ಬರುತ್ತಿತ್ತು. ಅಂಥ ಹೊತ್ತಲ್ಲಿ ತಿಮ್ಮಯ್ಯ ಅಲ್ಲಿಗೆ ಟ್ಯಾಂಕ್ ಹತ್ತಿಸೋಣ ಅಂದರು. ದಾರಿಯ ಸೇತುವೆಗಳು ಅಷ್ಟು ಭಾರ ತಡೆಯಲ್ಲ ಅಂತ ಸ್ಟುವರ್ಟ್ ಟ್ಯಾಂಕುಗಳ ತಲೆ, ಅಂದರೆ ಮೇಲೆ ತಿರುಗುವ ತೋಪಿನ ಭಾಗ, ಬಿಚ್ಚಿ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆ ದಾರಿಯನ್ನು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಅಗಲ ಮಾಡಿದರು. ಅವರ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ. ನವೆಂಬರ್ 1ಕ್ಕೆ ಟ್ಯಾಂಕುಗಳು ಹತ್ತಿದವು. ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ ಹಿಂದೆ ಕೂರಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಹೋದರು. ಆ ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ನಮ್ಮ ಕೈಗೆ ಬಂದವು. ಮಳೆಗಾಲದಲ್ಲಿ ಚಾರ್ಮಾಡಿ ಹತ್ತುವಾಗ ಲಾರಿ ಏದುಸಿರು ಬಿಡೋದನ್ನು ನೋಡಿದ್ದೀರಲ್ಲ, ಮಗಳಿಗೆ ಅದನ್ನು ನೆನಪಿಸಿ.

ಉತ್ತರ 2 (ಅರಸೀಕೆರೆ, ನಿವೃತ್ತ ಸೈನಿಕ):
ಜೋಜಿಲಾ ಸರಿ. ಆದರೆ ರಾಜೀನಾಮೆಯನ್ನು ಮುಚ್ಚಿಡಬೇಡಿ, ಯಾರಾದರೂ ಕೇಳೇ ಕೇಳುತ್ತಾರೆ.
1959ರ ಆಗಸ್ಟ್ ಕೊನೆ. ಅವರು ಆಗ ಭೂಸೇನೆಯ ಮುಖ್ಯಸ್ಥರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಬರಲಿಲ್ಲ, ಸೇನಾಧಿಕಾರಿಗಳ ಬಡ್ತಿ ವಿಷಯಕ್ಕೂ ಜಗಳ ಇತ್ತು. ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕರೆಸಿ ಮಾತಾಡಿದ ಮೇಲೆ ವಾಪಸ್ ತಗೊಂಡರು. ವಾಪಸ್ ತಗೊಳ್ಳಬಾರದಿತ್ತು ಅಂತಲೇ ನನ್ನ ಅಭಿಪ್ರಾಯ, ಆಮೇಲೆ ಅವರ ಮಾತಿಗೆ ತೂಕ ಕಡಿಮೆಯಾಯಿತು. 1961ರಲ್ಲಿ ನಿವೃತ್ತರಾದರು, ಮುಂದಿನ ವರ್ಷವೇ ಚೀನಾ ಯುದ್ಧ. ಆದರೆ ಒಂದು ಕಾಗದದಿಂದ ಇಡೀ ಬದುಕನ್ನು ಅಳೆಯೋದು ನ್ಯಾಯ ಅಲ್ಲ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡ್ ನಡೆಸಿದ ಭಾರತೀಯ ಅವರು. ಆಗ ಆ ಜಾಗಕ್ಕೆಲ್ಲ ಬ್ರಿಟಿಷರೇ.

ಉತ್ತರ 3 (ಸಕಲೇಶಪುರ):
ಕೊರಿಯಾ ಬಿಟ್ಟಿರಿ. ಯುದ್ಧ ನಿಂತ ಮೇಲೆ 22 ಸಾವಿರಕ್ಕೂ ಜಾಸ್ತಿ ಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂದಾಗ, ಆ ವಿಷಯ ನೋಡಿಕೊಳ್ಳುವ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾದವರು ಇವರೇ. ಎರಡೂ ಕಡೆಯವರು ಬೈಯುತ್ತಿದ್ದರು, ಇವರು ಕೆಲಸ ಬಿಡಲಿಲ್ಲ. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿದ್ದಾಗಲೇ 1965ರ ಡಿಸೆಂಬರ್ 18ಕ್ಕೆ ತೀರಿಕೊಂಡರು. ಮರುವರ್ಷ ಆ ದೇಶ ಅವರ ಚಿತ್ರ ಹಾಕಿ ಅಂಚೆಚೀಟಿ ತಂದಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳು ಪೂರ್ತಿ ಓದಿದಳು. ಟ್ಯಾಂಕಿನ ತಲೆ ಬಿಚ್ಚಿದ್ದರಿಂದಲೇ ಶುರು ಮಾಡ್ತಾಳಂತೆ. ರಾಜೀನಾಮೆಯನ್ನೂ ಎರಡು ಸಾಲಿನಲ್ಲಿ ಹೇಳ್ತೀನಿ ಅಂತ ಅವಳೇ ಅಂದಳು. ಭಾನುವಾರ ಭಾವನ ಮುಂದೆ ಒಂದು ಸಲ ಹೇಳಿಸುತ್ತೇನೆ.